ನೊಗವೂ ಕೊಂಡಿಯೂ

ಕನ್ನಡದಲ್ಲಿ ‘ಹೂಡು’ ಎಂಬ ಒಂದು ಪುಟ್ಟ ಮಾತಿದೆ. ಒಕ್ಕಲಿಗನು ಎತ್ತು ಹೂಡುತ್ತಾನೆ, ಬಂಡಿ ಹೂಡುತ್ತಾನೆ. ಪೇಟೆಯವನು ಬಂಡವಾಳ ಹೂಡುತ್ತಾನೆ; ಕೊಟ್ಟ ಹಣ ಮರಳದಿದ್ದರೆ ದಾವೆ ಹೂಡುತ್ತಾನೆ. ಮದುವೆಯಾದವರು ಬೇರೊಂದು ಊರಿನಲ್ಲಿ ಸಂಸಾರ ಹೂಡುತ್ತಾರೆ. ಬೇರೆಬೇರೆಯಾಗಿದ್ದುದನ್ನು ಒಂದಕ್ಕೊಂದು ಸೇರಿಸಿ ಕೆಲಸಕ್ಕೆ ತೊಡಗಿಸುವುದು ಎಂಬ ಭಾವ ಇವೆಲ್ಲದರ ಹಿಂದೆಯೂ ಇದೆ. ಹೂಡಿದ ಮೇಲೆ ನಡೆಯುವ ಕೆಲಸವನ್ನು ಊರೆಲ್ಲ ನೋಡುತ್ತದೆ. ಸಾಲು ನೇರವಾಗಿ ಬಿದ್ದರೆ ಮೆಚ್ಚುತ್ತದೆ, ವಕ್ರವಾದರೆ ನಗುತ್ತದೆ. ಆದರೆ ಹೂಡುವ ಆ ಎರಡು ನಿಮಿಷಗಳನ್ನು ನೋಡುವವರು ಯಾರೂ ಇರುವುದಿಲ್ಲ. ಕೇಡು ಹೊಂಚು ಹಾಕಿ ಕುಳಿತಿರುವುದು ಕೆಲವೊಮ್ಮೆ ಆ ಎರಡು ನಿಮಿಷಗಳಲ್ಲಿಯೇ.

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ಸೀಮೆಯಲ್ಲಿ ಕೆಂಪು ಮಸಾರಿ ಹೊಲಗಳೂ ನಡುನಡುವೆ ಕಲ್ಲುಗುಡ್ಡಗಳೂ ಕಾಣುತ್ತವೆ. ಹಡಗಲಿ, ಹರಪನಹಳ್ಳಿಗಳ ಕಡೆಗೆ ಸರಿದಂತೆ ಅಲ್ಲಲ್ಲಿ ಕರಿಯ ಎರೆಭೂಮಿ ಎದುರಾಗುತ್ತದೆ. ೧೯೫೩ರವರೆಗೆ ಈ ನಾಡು ಮದರಾಸು ಪ್ರಾಂತಕ್ಕೆ ಸೇರಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಬಳ್ಳಾರಿಯ ಜೊತೆಗೆ ಮೈಸೂರನ್ನು ಕೂಡಿಕೊಂಡಿತು. ೧೯೯೭ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋದ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಮರಳಿತು. ಹಿಂದೆ ಕೂಡ್ಲಿಗಿ ತಾಲ್ಲೂಕಿನ ಒಂದು ಭಾಗವಾಗಿದ್ದ ಕೊಟ್ಟೂರು ತಾನೇ ಒಂದು ತಾಲ್ಲೂಕಾಯಿತು. ೨೦೨೧ರಲ್ಲಿ ಇವೆಲ್ಲವೂ ವಿಜಯನಗರವೆಂಬ ಹೊಸ ಜಿಲ್ಲೆಯೊಳಗೆ ಬಂದವು. ಸರ್ಕಾರದ ಕಾಗದಗಳಲ್ಲಿ ಹೆಸರುಗಳು ಹೀಗೆ ಬದಲಾದರೂ ಮಳೆಯ ಸ್ವಭಾವ ಮಾತ್ರ ಬದಲಾಗಲಿಲ್ಲ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಮಳೆ ಹೀಗಿರುವಲ್ಲಿ ರೈತನ ಗಡಿಯಾರವೆಂದರೆ ಬೆದೆ. ಬಿತ್ತನೆಗೆ ತಕ್ಕಷ್ಟು ತೇವ ಮಣ್ಣಿನಲ್ಲಿ ನಿಂತಿರುವ ಸ್ಥಿತಿಗೆ ಒಕ್ಕಲು ಮಕ್ಕಳು ಕೊಟ್ಟ ಹೆಸರು ಅದು. ಮಸಾರಿ ನೆಲ ನೀರನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುವುದಿಲ್ಲ. ರಾತ್ರಿ ಮಳೆ ಬಂದರೆ ಮಾರನೆಯ ದಿನ ನೆಲ ಕಾಲಿಗೆ ಅಂಟುತ್ತದೆ. ಅದರ ಮರುದಿನ ಹದಕ್ಕೆ ಬರುತ್ತದೆ. ಬಿಸಿಲು ಬಲವಾಗಿದ್ದರೆ ಇನ್ನೆರಡು ದಿನಗಳಲ್ಲಿ ಬೆದೆ ಆರಿಯೇ ಹೋಗುತ್ತದೆ. ಆ ಒಂದೆರಡು ದಿನಗಳಲ್ಲಿ ಹರಗಬೇಕು, ಹೆಂಟೆ ಒಡೆಯಬೇಕು, ಶೇಂಗಾವನ್ನೋ ಮೆಕ್ಕೆಜೋಳವನ್ನೋ ಬಿತ್ತಿ ಮುಗಿಸಬೇಕು. ಅದಕ್ಕಾಗಿ ಟ್ರ್ಯಾಕ್ಟರಿನ ಬೆನ್ನಿಗೆ ಒಂದೇ ದಿನದಲ್ಲಿ ಎರಡು ಮೂರು ಸಲಕರಣೆಗಳನ್ನು ಕಟ್ಟಿ ಬಿಚ್ಚಬೇಕಾಗುತ್ತದೆ. ಬೆಳಿಗ್ಗೆ ಒಂಬತ್ತು ಹಲ್ಲಿನ ಕಲ್ಟಿವೇಟರು, ಮಧ್ಯಾಹ್ನ ರೋಟವೇಟರು, ಸಂಜೆಗೆ ಕೂರಿಗೆ.

ಈ ಸೀಮೆಯ ಹಳ್ಳಿಯೊಂದರಲ್ಲಿ ಅರವತ್ತರ ಆಸುಪಾಸಿನ ಯಜಮಾನನೊಬ್ಬನಿದ್ದಾನೆ. ಹತ್ತೆಕರೆ ಹೊಲ, ಸಾಲದಿಂದ ಕೊಂಡು ಸಾಲ ತೀರಿದ ಹಳೆಯ ಟ್ರ್ಯಾಕ್ಟರು, ಬೇವಿನ ಮರದ ಕೆಳಗೆ ಸಾಲಾಗಿ ನಿಂತ ನಾಲ್ಕು ಸಲಕರಣೆಗಳು. ಇಬ್ಬರು ಮಕ್ಕಳಲ್ಲಿ ಮಗಳು ಹೊಸಪೇಟೆಯಲ್ಲಿ ಗಂಡನ ಮನೆಯಲ್ಲಿದ್ದಾಳೆ; ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಮನೆಯಲ್ಲಿ ಉಳಿದವರು ಗಂಡ ಹೆಂಡತಿ ಇಬ್ಬರೇ.

ಯಜಮಾನನು ಚಿಕ್ಕಂದಿನಲ್ಲಿ ಎತ್ತು ಹೂಡಿದವನು. ಆ ಕೆಲಸದ ಸೊಗಸನ್ನು ಅವನು ಈಗಲೂ ಕೈಯಾಡಿಸಿ ತೋರಿಸುತ್ತಾನೆ. ನೊಗವನ್ನು ಒಂದು ಕಡೆ ಎತ್ತಿ ಹಿಡಿದು ಬಾಯಲ್ಲಿ ಒಂದು ಸದ್ದು ಮಾಡಿದರೆ ಸಾಕು, ಪಳಗಿದ ಎತ್ತು ತಾನಾಗಿಯೇ ಬಂದು ನೊಗದ ಕೆಳಗೆ ಹೆಗಲು ಕೊಡುತ್ತಿತ್ತು. ಕೊರಳಿಗೆ ಜತ್ತಿಗೆ ಕಟ್ಟಿದರೆ ಮುಗಿಯಿತು. ಎತ್ತು ದೊಡ್ಡದಾದರೆ ಜತ್ತಿಗೆಯನ್ನು ಸಡಿಲಿಸಬೇಕು, ಸಣ್ಣದಾದರೆ ಬಿಗಿಯಬೇಕು. ಅಳತೆ ತಪ್ಪುವ ಭಯವೇ ಇರಲಿಲ್ಲ. ಮೇಲಾಗಿ ಎತ್ತಿಗೆ ಕಣ್ಣಿತ್ತು, ಕಿವಿಯಿತ್ತು. ನಡುವೆ ಮಗು ಬಂದು ನಿಂತರೆ ಹೆಜ್ಜೆ ತಡೆಯುವಷ್ಟು ತಿಳಿವಳಿಕೆಯಿತ್ತು. ಟ್ರ್ಯಾಕ್ಟರಿಗೆ ನಲವತ್ತೈದು ಕುದುರೆಗಳ ಬಲವಿದೆ. ಆದರೆ ಆ ನಲವತ್ತೈದರಲ್ಲಿ ಒಂದಕ್ಕೂ ಕಣ್ಣಿಲ್ಲ.

ಟ್ರ್ಯಾಕ್ಟರಿಗೆ ಸಲಕರಣೆಯನ್ನು ಹೂಡುವ ಬಗೆಯನ್ನು ನೋಡದವರಿಗೆ ಅದು ಸುಲಭವೆಂದು ತೋರಬಹುದು. ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಮೂರು ಕಬ್ಬಿಣದ ಕೈಗಳಿವೆ. ಕೆಳಗೆ ಎಡಬಲಗಳಲ್ಲಿ ಎರಡು, ನಡುವೆ ಮೇಲ್ಗಡೆ ಒಂದು. ಕೆಳಗಿನ ಕೈಗಳ ತುದಿಯಲ್ಲಿ ತೂತುಳ್ಳ ಗುಂಡುಗಳಿವೆ. ಆ ತೂತುಗಳು ಸಲಕರಣೆಯ ಪಿನ್ನುಗಳಿಗೆ ನೆಟ್ಟಗೆ ಎದುರಾಗಬೇಕು. ಗುಂಡನ್ನು ಪಿನ್ನಿಗೆ ಸಿಕ್ಕಿಸಿ, ಜಾರದಂತೆ ಅದರ ತುದಿಗೆ ಲಾಕ್ ಪಿನ್ನು ಹಾಕಬೇಕು. ಒಂದು ಕಡೆ ಸೇರಿದರೆ ಮತ್ತೊಂದು ಕಡೆ ಎರಡು ಅಂಗುಲ ಹಿಂದಿರುತ್ತದೆ. ಅದನ್ನು ಸರಿಪಡಿಸಲು ಟ್ರ್ಯಾಕ್ಟರನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಬೇಕು. ಮೇಲೆ ಕುಳಿತವನಿಗೆ ಕೆಳಗಿನ ತೂತು ಕಾಣುವುದಿಲ್ಲ. ಆದುದರಿಂದ ಇನ್ನೊಬ್ಬರು ಟ್ರ್ಯಾಕ್ಟರಿಗೂ ಸಲಕರಣೆಗೂ ನಡುವೆ ನಿಂತು, “ಬಾ, ಬಾ, ಇನ್ನೊಂಚೂರು, ಸಾಕು ಸಾಕು” ಎಂದು ಹೇಳುತ್ತಿರಬೇಕು. ಕ್ಲಚ್ಚಿನ ಮೇಲಿನ ಕಾಲು ಒಮ್ಮೆ ಜಾರಿದರೆ ಆ ನಡುವಿನ ಜಾಗವೇ ಇಲ್ಲವಾಗುತ್ತದೆ.

ಮೊದಲು ಆ ಜಾಗದಲ್ಲಿ ಮಗ ನಿಲ್ಲುತ್ತಿದ್ದನು. ಅವನು ಬೆಂಗಳೂರಿಗೆ ಹೋದ ಮೇಲೆ ಸಂಬಳದ ಆಳು ನಿಂತನು. ಆಳು ಸಿಗದಂತಾದ ಮೇಲೆ ಮನೆಯೊಡತಿ ನಿಂತಳು. ಅಡುಗೆ, ದನ, ಕಳೆ, ಕಟಾವುಗಳ ಜೊತೆಗೆ ಇದೂ ಅವಳ ಕೆಲಸವಾಯಿತು. ಅವಳ “ಸಾಕು” ಎಂಬ ಕೂಗು ಓಣಿಯ ಕೊನೆಯವರೆಗೂ ಕೇಳುತ್ತಿತ್ತು.

ಒಂದು ವರ್ಷ ರೋಹಿಣಿ ಮಳೆ ಚೆನ್ನಾಗಿ ಬಂತು. ಬೆದೆಗೆ ಬಂದ ಹೊಲವನ್ನು ಹರಗಿ ಮುಗಿಸಿ, ಸಂಜೆ ಕಲ್ಟಿವೇಟರು ಬಿಚ್ಚಿ ಕೂರಿಗೆ ಕಟ್ಟುವ ಹೊತ್ತಿಗೆ ಬೆಳಕು ಕುಂದಿತ್ತು. ಬಲಗಡೆಯ ಕೈ ಸೇರಿತ್ತು, ಎಡಗಡೆಯದು ಸೇರಲೊಲ್ಲದು. ತೂತು ಎದುರಿಗೆ ಬಂದಿದೆಯೋ ಇಲ್ಲವೋ ತಿಳಿಯಲು ಅವಳು, ಎಲ್ಲರೂ ಮಾಡುವಂತೆ, ಬೆರಳಿಟ್ಟು ನೋಡಿದಳು. ಅದೇ ಗಳಿಗೆಯಲ್ಲಿ ಯಜಮಾನನು ಹೈಡ್ರಾಲಿಕ್ಕಿನ ಹಿಡಿಯನ್ನು ಒಂದಿಷ್ಟೇ ಎತ್ತಿದನು. ಆ ಕೂಗು ಈ ಸಲ “ಸಾಕು” ಎಂದಾಗಿರಲಿಲ್ಲ.

ಎಡಗೈಯ ಉಂಗುರದ ಬೆರಳಿನ ತುದಿಗೆಣ್ಣು ಹೋಯಿತು. ನೆರೆಮನೆಯವನ ಬೈಕಿನಲ್ಲಿ ಆಸ್ಪತ್ರೆಗೆ ಹೊರಟಾಗ, ಸೆರಗಿನಲ್ಲಿ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಅವಳು ಹೇಳಿದ ಮಾತು ಇಷ್ಟೇ: “ಬೆದೆ ಆರ್ತೈತೆ, ನೀವು ಬಿತ್ತಾಕೆ ಹೋಗ್ರಿ.” ಅವನು ಹೋಗಲಿಲ್ಲ. ಆ ವರ್ಷ ಆ ಹೊಲದ ಅರ್ಧಭಾಗ ತಡವಾಗಿ ಬಿತ್ತನೆಯಾಯಿತು. ಯಾರೂ ಯಾರನ್ನೂ ದೂರಲಿಲ್ಲ. ದೂರಿದ್ದರೆ ಯಜಮಾನನಿಗೆ ಅಷ್ಟೊಂದು ಕಷ್ಟವಾಗುತ್ತಿರಲಿಲ್ಲವೋ ಏನೋ.

ಹಾಗೆ ನೋಡಿದರೆ, ಆ ಮೂರು ಕಬ್ಬಿಣದ ಕೈಗಳು ಹುಟ್ಟಿದ್ದೇ ಮನುಷ್ಯನ ಜೀವ ಉಳಿಸಲೆಂದು. ಅವುಗಳ ಕತೆ ದೂರದ ಐರ್ಲೆಂಡಿನದು. ಹ್ಯಾರಿ ಫರ್ಗ್ಯುಸನ್ ಎಂಬ ರೈತನ ಮಗ ೧೮೮೪ರಲ್ಲಿ ಅಲ್ಲಿ ಹುಟ್ಟಿದನು. ಹೊಲದ ಕೆಲಸಕ್ಕಿಂತ ಯಂತ್ರಗಳ ಮೇಲೆ ಅವನಿಗೆ ಒಲವು ಹೆಚ್ಚು. ೧೯೦೯ರಲ್ಲಿ ತಾನೇ ಕಟ್ಟಿದ ವಿಮಾನವನ್ನು ಹಾರಿಸಿ ಐರ್ಲೆಂಡಿನ ಮೊದಲ ವೈಮಾನಿಕನೆನಿಸಿದನು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಹಾರದ ಅಭಾವ ತಲೆದೋರಿದಾಗ, ಆ ದೇಶದ ಟ್ರ್ಯಾಕ್ಟರುಗಳು ಸರಿಯಾಗಿ ಕೆಲಸ ಮಾಡುವಂತೆ ನೋಡಿಕೊಳ್ಳುವ ಹೊಣೆ ಅವನ ಪಾಲಿಗೆ ಬಂತು. ಆಗಿನ ಟ್ರ್ಯಾಕ್ಟರುಗಳು ನೇಗಿಲನ್ನು ಬಂಡಿಯಂತೆ ಹಿಂದೆ ಎಳೆಯುತ್ತಿದ್ದವು. ನೇಗಿಲು ಬಂಡೆಗೆ ಸಿಕ್ಕಿಬಿದ್ದರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು, ಹಿಂದಕ್ಕೆ ಮಗುಚಿ, ನಡೆಸುವವನ ಮೇಲೆಯೇ ಬೀಳುವುದುಂಟು.

ನೇಗಿಲೂ ಟ್ರ್ಯಾಕ್ಟರೂ ಎರಡಾಗಿರುವುದೇ ಇದರ ಮೂಲವೆಂದು ಫರ್ಗ್ಯುಸನ್ ಕಂಡುಕೊಂಡನು. ಅವನ ಯೋಚನೆಯಂತೆ ಕೆಳಗಿನ ಎರಡು ಕೈಗಳು ನೇಗಿಲನ್ನು ಎಳೆಯುತ್ತವೆ. ಮಣ್ಣು ಬಿಗಿಯಾದಾಗ ನೇಗಿಲು ಮುಂದಕ್ಕೆ ಮಗುಚಲು ನೋಡುತ್ತದೆ. ಮೇಲಿನ ಕೈ ಆ ಒತ್ತಡವನ್ನು ಟ್ರ್ಯಾಕ್ಟರಿಗೆ ಮುಟ್ಟಿಸುತ್ತದೆ. ಟ್ರ್ಯಾಕ್ಟರಿನ ಮೂತಿ ಮೇಲೇಳದಂತೆ ಆ ಒತ್ತಡವೇ ಅದುಮಿ ಹಿಡಿಯುತ್ತದೆ. ಅದೇ ಒತ್ತಡದಿಂದ ಸುಳಿವು ಪಡೆದ ಹೈಡ್ರಾಲಿಕ್ ಯಂತ್ರವು ನೇಗಿಲನ್ನು ತುಸು ಮೇಲೆತ್ತಿ, ನೇಗಿಲಿನ ಭಾರವನ್ನು ಹಿಂದಿನ ಗಾಲಿಗಳ ಮೇಲೆ ಹಾಕುತ್ತದೆ. ಹಗುರವಾದ ಟ್ರ್ಯಾಕ್ಟರೂ ಜಾರದೆ ಉಳುತ್ತದೆ. ೧೯೨೬ರಲ್ಲಿ ಇದಕ್ಕೆ ಬ್ರಿಟನ್ನಿನ ಪೇಟೆಂಟ್ ದೊರೆಯಿತು. ೧೯೩೬ರಲ್ಲಿ ಈ ಏರ್ಪಾಡಿನ ಟ್ರ್ಯಾಕ್ಟರುಗಳು ಮಾರುಕಟ್ಟೆಗೆ ಬಂದವು. ೧೯೩೮ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ಇದನ್ನು ಕಣ್ಣಾರೆ ಕಂಡು ಮೆಚ್ಚಿ, ಯಾವ ಕಾಗದ ಪತ್ರವೂ ಇಲ್ಲದೆ, ಬರಿಯ ಕೈಕುಲುಕಿನಿಂದ ಪಾಲುದಾರನಾದನು. ಮರುವರ್ಷವೇ ಇಬ್ಬರ ಟ್ರ್ಯಾಕ್ಟರು ಹೊರಬಂತು. ಫೋರ್ಡನ ಮೊಮ್ಮಗನ ಕಾಲಕ್ಕೆ ಆ ಒಪ್ಪಂದ ಮುರಿದು, ಫರ್ಗ್ಯುಸನ್ ದಾವೆ ಹೂಡಿ, ೧೯೫೨ರಲ್ಲಿ ತೊಂಬತ್ತೆರಡೂವರೆ ಲಕ್ಷ ಡಾಲರಿಗೆ ರಾಜಿಯಾಯಿತು. ಕೈಕುಲುಕಿ ಹಾಕಿದ ಕೊಂಡಿ ಬಿಚ್ಚಿತು. ಕಬ್ಬಿಣದ ಕೊಂಡಿ ಲೋಕದಲ್ಲೆಲ್ಲ ಉಳಿಯಿತು. ಇಂದು ಕೂಡ್ಲಿಗಿಯ ಹೊಲದಲ್ಲಿ ಉಳುವ ಟ್ರ್ಯಾಕ್ಟರು ಯಾವ ಕಂಪನಿಯದಾದರೂ ಆ ಮೂರು ಕೈಗಳು ಅದಕ್ಕೆ ಇದ್ದೇ ಇರುತ್ತವೆ.

ಆದರೆ ಫರ್ಗ್ಯುಸನ್ ಹೊಲದೊಳಗಿನ ಅಪಾಯವನ್ನು ತಗ್ಗಿಸಿದನೇ ಹೊರತು, ಬೇವಿನ ಮರದ ಕೆಳಗಿನ ಎರಡು ನಿಮಿಷಗಳ ಅಪಾಯ ಹಾಗೆಯೇ ಉಳಿಯಿತು. ಅದಕ್ಕೆ ಉತ್ತರವಾಗಿ ಮುಂದೆ ಬಂದುದೇ ಕ್ವಿಕ್ ಹಿಚ್. ಅದೊಂದು ಕಬ್ಬಿಣದ ಚೌಕಟ್ಟು. ಟ್ರ್ಯಾಕ್ಟರಿನ ಮೂರು ಕೈಗಳಿಗೆ ಅದನ್ನು ಒಮ್ಮೆ ಜೋಡಿಸಿಬಿಟ್ಟರೆ ಮತ್ತೆ ಬಿಚ್ಚುವ ಕೆಲಸವಿಲ್ಲ. ಅದರ ಹಿಂಭಾಗದಲ್ಲಿ ಬಾಯಿ ಮೇಲಾದ ಮೂರು ಕೊಕ್ಕೆಗಳಿವೆ. ಚೌಕಟ್ಟನ್ನು ತಗ್ಗಿಸಿ ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು, ಕೊಕ್ಕೆಗಳು ಸಲಕರಣೆಯ ಪಿನ್ನುಗಳ ಕೆಳಗೆ ಬಂದಾಗ ಮೇಲೆತ್ತಿದರೆ ಪಿನ್ನುಗಳು ಕೊಕ್ಕೆಯಲ್ಲಿ ಕುಳಿತುಕೊಳ್ಳುತ್ತವೆ. ಕೆಳಗಿನ ಎರಡು ಕೊಕ್ಕೆಗಳಿಗೆ ಚಿಲಕ ಬೀಳುತ್ತದೆ. ನಡುವೆ ಯಾರೂ ನಿಲ್ಲಬೇಕಾಗಿಲ್ಲ. ಪೇಟೆಯ ಗೃಹಿಣಿಯರು ಗ್ಯಾಸ್ ಸಿಲಿಂಡರಿನ ಮೇಲೆ ರೆಗ್ಯುಲೇಟರನ್ನು ಒತ್ತಿ ‘ಟಕ್’ ಎನ್ನಿಸುವುದನ್ನು ನೆನೆದರೆ ಇದರ ತತ್ತ್ವ ಅರ್ಥವಾದೀತು.

ಮನೆಯ ಆ ಘಟನೆಯಾದ ಮೇಲೆ, ಬೆಂಗಳೂರಿನ ಮಗನು ಇಂಥದೊಂದರ ಚಲನಚಿತ್ರವನ್ನು ಮೊಬೈಲಿಗೆ ಕಳಿಸಿದನು. “ಅಪ್ಪಾ, ಇನ್ನ ಮ್ಯಾಲೆ ಅವ್ವನ್ನ ಅಲ್ಲಿ ನಿಲ್ಲಿಸಬ್ಯಾಡ” ಎಂಬುದೊಂದೇ ಅದರ ಜೊತೆಗಿದ್ದ ಮಾತು. ಯಜಮಾನನು ಆ ಚಿತ್ರವನ್ನು ಹತ್ತಾರು ಸಲ ನೋಡಿದನು. ಕೊನೆಗೆ ಮೊಬೈಲನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಕೊಟ್ಟೂರಿನ ವೆಲ್ಡಿಂಗ್ ಅಂಗಡಿಯೊಂದಕ್ಕೆ ಹೋದನು.

ಅಂಗಡಿಯ ಮೇಸ್ತ್ರಿ ಚಿತ್ರವನ್ನು ನೋಡಿ, “ಇದೇನು ದೊಡ್ಡದಲ್ಲ ಬಿಡ್ರಿ ಯಜಮಾನ್ರೇ. ಕೊಕ್ಕಿ ಮಾಡೋದು ಸಸಾರ. ಆದ್ರೆ ನಿಮ್ಮ ಸಾಮಾನೆಲ್ಲ ಒಂದೇ ಅಳತಿ ಅದಾವೇನು?” ಎಂದನು. ಯಜಮಾನನು ಹೌದೆಂದನು. ಅವನಿಗೆ ತಿಳಿದಿದ್ದಂತೆ ನಾಲ್ಕೂ ಸಲಕರಣೆಗಳು ಒಂದೇ ಟ್ರ್ಯಾಕ್ಟರಿಗೆ ಇಷ್ಟು ವರ್ಷ ಕೂಡಿಕೊಂಡು ಬಂದಿದ್ದವು.

ಕೂಡಿಕೊಂಡು ಬಂದದ್ದು ನಿಜ. ಆದರೆ ಅದು ಮೇಲಿನ ಕೈಯ ಔದಾರ್ಯದಿಂದ. ಮೇಲಿನ ಕೈಯನ್ನು ತಿರುಪಿನಿಂದ ಉದ್ದ ಗಿಡ್ಡ ಮಾಡಬಹುದು. ಸಲಕರಣೆಯ ಎತ್ತರ ಎರಡಂಗುಲ ಹೆಚ್ಚುಕಡಿಮೆಯಾದರೂ, ಜತ್ತಿಗೆ ಎತ್ತಿನ ಕೊರಳಿಗೆ ಹೊಂದಿಕೊಳ್ಳುವ ಹಾಗೆ, ಅದು ಹೊಂದಿಕೊಳ್ಳುತ್ತಿತ್ತು. ಕಬ್ಬಿಣದ ಚೌಕಟ್ಟಿಗೆ ಈ ದಾಕ್ಷಿಣ್ಯವಿಲ್ಲ. ಅದರ ಮೂರು ಕೊಕ್ಕೆಗಳು ಎಲ್ಲಿವೆಯೋ ಅಲ್ಲಿಗೇ ಮೂರು ಪಿನ್ನುಗಳು ಬರಬೇಕು. ಮೇಸ್ತ್ರಿ ಬೇವಿನ ಮರದ ಕೆಳಗೆ ಬಂದು ಟೇಪು ಹಿಡಿದಾಗ ನಾಲ್ಕು ಸಲಕರಣೆಗಳಲ್ಲಿ ಮೂರು ಬಗೆಯ ಅಳತೆಗಳು ಕಂಡವು.

ಇದಕ್ಕೆ ಶಾಸ್ತ್ರವಿಲ್ಲದೆ ಇಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೂ ಭಾರತೀಯ ಮಾನಕ ಬ್ಯೂರೋವೂ ಈ ಮೂರು ಬಿಂದುಗಳ ಅಳತೆಗಳನ್ನು ಗೊತ್ತುಪಡಿಸಿವೆ. ಸಣ್ಣ ಟ್ರ್ಯಾಕ್ಟರುಗಳ ಒಂದನೆಯ ವರ್ಗದಲ್ಲಿ ಕೆಳಗಿನ ಪಿನ್ನಿನ ದಪ್ಪ ೨೨ ಮಿಲಿಮೀಟರು. ಅದಕ್ಕಿಂತ ದೊಡ್ಡವುಗಳ ಎರಡನೆಯ ವರ್ಗದಲ್ಲಿ ೨೮. ಕೆಳಗಿನ ಪಿನ್ನುಗಳಿಂದ ಮೇಲಿನ ಪಿನ್ನಿಗೆ ಮೊದಲ ವರ್ಗದಲ್ಲಿ ೪೬೦ ಮಿಲಿಮೀಟರು ಎತ್ತರ, ಎರಡನೆಯದರಲ್ಲಿ ೬೧೦. ಅಮೆರಿಕದ ಕ್ವಿಕ್ ಹಿಚ್ಚಿನ ಕ್ರಮವೇ ಬೇರೆ. ಅದು ಈ ಎರಡು ವರ್ಗಗಳಿಗೂ ಹದಿನೈದು ಅಂಗುಲ, ಎಂದರೆ ೩೮೧ ಮಿಲಿಮೀಟರು ಎತ್ತರವನ್ನು ಇಟ್ಟುಕೊಂಡಿದೆ. ಆದುದರಿಂದ ಅಲ್ಲಿಯೂ ಹಳೆಯ ಸಲಕರಣೆಗಳಿಗೆ ಹೊಸ ತೂತು ಕೊರೆಯದೆ, ಪಿನ್ನುಗಳಿಗೆ ಬುಷ್ ತೊಡಿಸದೆ ಗತಿಯಿಲ್ಲ. ಶಾಸ್ತ್ರಗಳಲ್ಲಿಯೇ ಹೀಗೆ ಭೇದವಿರುವಾಗ ಊರೂರಿನ ಅಂಗಡಿಗಳಲ್ಲಿ ಕಣ್ಣಳತೆಯಿಂದ ಮಾಡಿದ ಕೂರಿಗೆಗಳ ಪಾಡು ಹೇಳಬೇಕಾದುದಿಲ್ಲ.

ಪರದೇಶದ ಅಳತೆಯ ಚೌಕಟ್ಟನ್ನು ತರಿಸಿದ್ದರೆ ನಾಲ್ಕನ್ನೂ ಕೊಯ್ದು ಕಟ್ಟಬೇಕಾಗುತ್ತಿತ್ತು. ಮೇಸ್ತ್ರಿ ಬೇರೊಂದು ದಾರಿ ಹಿಡಿದನು. ನಾಲ್ಕರಲ್ಲಿ ಎರಡು ೪೬೦ರ ಸುತ್ತಮುತ್ತ ಇದ್ದುದರಿಂದ ಅದನ್ನೇ ಮನೆಯ ಅಳತೆಯೆಂದು ಗೊತ್ತುಮಾಡಿದನು. ಒಂದು ದಪ್ಪ ಹಲಗೆಯಲ್ಲಿ ಮೂರು ತೂತು ಕೊರೆದು ಅಳತೆಯ ಪಡಿಯಚ್ಚನ್ನು ಸಿದ್ಧಪಡಿಸಿದನು. ಆ ಹಲಗೆಯನ್ನು ಪ್ರತಿಯೊಂದು ಸಲಕರಣೆಗೂ ಹಿಡಿದು ನೋಡಿ, ಹೆಚ್ಚಿದ್ದಲ್ಲಿ ಹೊಸ ತೂತು, ಕಡಿಮೆಯಿದ್ದಲ್ಲಿ ಎರಡು ಪಟ್ಟಿಗಳ ಏರಿಕೆ ಕೊಟ್ಟನು. ಸಣ್ಣ ಪಿನ್ನಿನ ಹಳೆಯ ಕೂರಿಗೆಗೆ ದಪ್ಪ ಗೋಡೆಯ ಕೊಳವೆಯಿಂದ ಬುಷ್ ಕತ್ತರಿಸಿ ತೊಡಿಸಿದನು. ಹೀಗೆ ಸಡಿಲವಾಗಿದ್ದ ಅಳತೆಗಳು ಒಂದು ಹಲಗೆಯ ಆಜ್ಞೆಗೆ ಒಳಪಟ್ಟವು. ಎತ್ತಿನ ಕಾಲದಲ್ಲಿ ನೊಗವು ಎತ್ತಿಗೆ ಹೊಂದಿಕೊಳ್ಳುತ್ತಿತ್ತು. ಈಗ ಎಲ್ಲವೂ ಕೊಂಡಿಗೆ ಹೊಂದಿಕೊಳ್ಳಬೇಕಾಯಿತು.

ಮೊದಲ ದಿನ ಕಲ್ಟಿವೇಟರು ಒಂದೇ ಪ್ರಯತ್ನಕ್ಕೆ ಕೊಕ್ಕೆಯಲ್ಲಿ ಕುಳಿತಿತು. ಓಣಿಯ ಹುಡುಗರು ಚಪ್ಪಾಳೆ ತಟ್ಟಿದರು. ಆದರೆ ರೋಟವೇಟರಿನ ಸರದಿ ಬಂದಾಗ ಹೊಸದೊಂದು ತೊಡಕು ಕಾಣಿಸಿಕೊಂಡಿತು. ರೋಟವೇಟರಿಗೆ ಎಳೆತ ಮಾತ್ರ ಸಾಲದು. ಟ್ರ್ಯಾಕ್ಟರಿನ ಹಿಂದಿನ ಪಿ.ಟಿ.ಓ. ಎಂಬ ತಿರುಗುವ ಮೊಳೆಯಿಂದ ಅದಕ್ಕೆ ಶಕ್ತಿ ಬರಬೇಕು. ನಿಮಿಷಕ್ಕೆ ೫೪೦ ಸುತ್ತು ತಿರುಗುವ ಆ ಮೊಳೆಗೂ ರೋಟವೇಟರಿಗೂ ನಡುವೆ ಒಂದರೊಳಗೊಂದು ಜಾರುವ ಎರಡು ಕೊಳವೆಗಳ ದಂಡವಿದೆ. ಚೌಕಟ್ಟು ನಡುವೆ ಬಂದುದರಿಂದ ರೋಟವೇಟರು ನಾಲ್ಕಂಗುಲ ಹಿಂದಕ್ಕೆ ಸರಿದಿತ್ತು. ಒಳಗಿನ ಕೊಳವೆ ಹೊರಗಿನದನ್ನು ಅಷ್ಟರಮಟ್ಟಿಗೆ ಬಿಟ್ಟು ಹೊರಬಂದಿತ್ತು. ಬದುವಿನ ಮೇಲೆ ಎತ್ತಿದಾಗ ಅದು ಪೂರ್ತಿ ಕಳಚಿಕೊಂಡರೆ, ತಿರುಗುತ್ತಿರುವ ಕಬ್ಬಿಣ ಎತ್ತ ಬಡಿದೀತೆಂದು ಹೇಳುವವರಾರು?

“ಇದನ್ನ ವೆಲ್ಡಿಂಗ್ ಹಚ್ಚಿ ಉದ್ದ ಮಾಡಾಕೆ ನಾನು ಒಲ್ಲೆ” ಎಂದು ಮೇಸ್ತ್ರಿ ಕೈ ತೊಳೆದುಕೊಂಡನು. “ತಿರುಗೋ ದಂಡಕ್ಕೆ ತ್ಯಾಪಿ ಹಾಕಬಾರ್ದು, ಯಜಮಾನ್ರೇ. ಉದ್ದಂದು ಹೊಸಾದು ತರ್ರಿ. ಮ್ಯಾಲಿನ ಪ್ಲಾಸ್ಟಿಕ್ ಮುಚ್ಚಳಾನೂ ತೆಗೀಬ್ಯಾಡ್ರಿ.” ತನ್ನ ಕೈಯಿಂದ ಆಗುವುದೆಷ್ಟು, ಆಗದುದೆಷ್ಟು ಎಂಬುದನ್ನು ಬಲ್ಲವನೇ ಮೇಸ್ತ್ರಿ. ಯಜಮಾನನು ಗೊಣಗಿದರೂ ಉದ್ದನೆಯ ದಂಡವನ್ನು ತಂದನು. ನಾಲ್ಕಂಗುಲ ಹಿಂದಕ್ಕೆ ಸರಿದ ಭಾರಕ್ಕೆ ಟ್ರ್ಯಾಕ್ಟರಿನ ಮೂತಿ ಹಗುರವಾಗಿತ್ತು. ಅದಕ್ಕೆ ಮುಂದೆ ಎರಡು ತೂಕದ ಗುಂಡುಗಳನ್ನು ತಗುಲಿಸಿದ್ದಾಯಿತು.

ಎಲ್ಲವೂ ಸರಿಹೋಯಿತೆನ್ನುವಾಗಲೇ ಮೂರನೆಯ ವಾರ ಒಂದು ಪ್ರಸಂಗ ನಡೆಯಿತು. ಹೊಲಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳದ ಏರು. ಟ್ರ್ಯಾಕ್ಟರು ಜೋಲಿ ಹೊಡೆದಾಗ ಎಡಗಡೆಯ ಚಿಲಕ ತೆರೆದು, ಕಲ್ಟಿವೇಟರು ಒಂದು ಕಡೆ ಕೊಕ್ಕೆಯಿಂದ ಹಾರಿ ನೆಲಕ್ಕೆ ಬಡಿಯಿತು. ಹಿಂದೆ ಯಾರೂ ಇರಲಿಲ್ಲ. ಇದ್ದಿದ್ದರೆ ಎಂಬ ಯೋಚನೆಯಿಂದ ಯಜಮಾನನು ಬಹಳ ಹೊತ್ತು ದಾರಿಬದಿಯಲ್ಲಿಯೇ ಕುಳಿತಿದ್ದನು. ಬಂದು ನೋಡಿದ ಮೇಸ್ತ್ರಿಗೆ ಕಾರಣ ತಿಳಿಯಿತು. ಕೊಕ್ಕೆಯೊಳಗೆ ಒಣಗಿದ ಮಣ್ಣು ಸೇರಿ ಪಿನ್ನು ಪೂರ್ತಿ ಕೆಳಗೆ ಕುಳಿತಿರಲಿಲ್ಲ. ಚಿಲಕ ಅರ್ಧಕ್ಕೇ ನಿಂತಿತ್ತು. ‘ಟಕ್’ ಎಂಬ ಸದ್ದೇನೋ ಬಂದಿತ್ತು. ಯಜಮಾನನು ಸದ್ದನ್ನು ನಂಬಿದ್ದನು, ಇಳಿದು ನೋಡಿರಲಿಲ್ಲ.

ಹಳೆಯ ಪದ್ಧತಿಯಲ್ಲಿ ಪ್ರತಿಯೊಂದು ಪಿನ್ನನ್ನೂ ಕೈಯಿಂದಲೇ ಹಾಕುತ್ತಿದ್ದುದರಿಂದ ಹಾಕಿದೆನೋ ಇಲ್ಲವೋ ಎಂಬ ಸಂಶಯಕ್ಕೆ ಎಡೆಯಿರಲಿಲ್ಲ. ಹೊಸ ಕೊಂಡಿಯು ಕೈಯನ್ನು ಅಪಾಯದಿಂದ ಹೊರಕ್ಕೆ ತಂದಿತು ನಿಜ, ಆದರೆ ಅದರೊಡನೆ ಕಣ್ಣನ್ನೂ ಹೊರಗೆ ಕಳಿಸಿಬಿಟ್ಟಿತ್ತು. ಯಂತ್ರವು ಉಳಿಸಿಕೊಟ್ಟ ಎರಡು ನಿಮಿಷಗಳಲ್ಲಿ ಕಾಲು ನಿಮಿಷವನ್ನಾದರೂ ನೋಡುವುದಕ್ಕೆಂದು ಹಿಂದಿರುಗಿಸಬೇಕೆಂಬುದು ಆಗ ತಿಳಿಯಿತು.

ಮೇಸ್ತ್ರಿ ಚಿಲಕದ ಸ್ಪ್ರಿಂಗನ್ನು ಬದಲಾಯಿಸಿದನು. ಕೊಕ್ಕೆಯ ತಳದಲ್ಲಿ ಮಣ್ಣು ಉದುರಿಹೋಗುವಂತೆ ಕಿಂಡಿ ಕೊರೆದನು. ಪಿನ್ನು ಪೂರ್ತಿ ಕುಳಿತ ಹೊರತು ತೂರದ ಹಾಗೆ, ಚಿಲಕದ ಮೇಲೊಂದು ಅಡ್ಡಕಡ್ಡಿಯನ್ನೂ ಇಟ್ಟನು. ಕಡ್ಡಿಯ ತುದಿಗೆ ಕೆಂಪು ಬಣ್ಣ ಬಳಿದನು. ಕೆಂಪು ಕಂಡರೆ ಬಿದ್ದಿಲ್ಲ, ಕಾಣದಿದ್ದರೆ ಬಿದ್ದಿದೆ. ಅದರೊಡನೆ ಒಂದು ಕಟ್ಟುಪಾಡೂ ಬಂತು: ಸಲಕರಣೆಯನ್ನು ನೆಲದಿಂದ ಗೇಣುದ್ದ ಎತ್ತಿ ನಿಲ್ಲಿಸಬೇಕು, ಎಡಕ್ಕೂ ಬಲಕ್ಕೂ ನೋಡಬೇಕು, ಆಮೇಲೆಯೇ ಮುಂದಕ್ಕೆ ಹೋಗಬೇಕು.

ಈ ಸುದ್ದಿ ಕೇಳಿ ಅಕ್ಕಪಕ್ಕದವರು ನೋಡಲು ಬಂದರು. ಕೆಲವರು ಮೆಚ್ಚಿದರು, ಕೆಲವರು, “ಎರಡು ಪಿನ್ನು ಹಾಕಾಕೆ ಇಷ್ಟು ಖರ್ಚೇ?” ಎಂದು ನಕ್ಕರು. ನಗುವವರ ಮಾತಿನಲ್ಲಿಯೂ ಹುರುಳಿಲ್ಲದೆ ಇಲ್ಲ. ವರ್ಷವೆಲ್ಲ ಒಂದೇ ಸಲಕರಣೆಯನ್ನು ಬಳಸುವವನಿಗೆ ಇದು ದಂಡ. ಕರ್ನಾಟಕದಲ್ಲಿ ೨೦೧೪-೧೫ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯಂಥ ಕೇಂದ್ರಗಳಿಂದ ಸಲಕರಣೆಗಳನ್ನು ಬಾಡಿಗೆಗೆ ತರುವವರಿಗೆ ಬೇರೊಂದು ತೊಂದರೆ. ಬಾಡಿಗೆಯ ವಸ್ತುವಿಗೆ ತೂತು ಕೊರೆಯುವಂತಿಲ್ಲ, ಅದು ತನ್ನ ಚೌಕಟ್ಟಿನ ಅಳತೆಗೇ ಬಂದೀತೆಂಬ ಭರವಸೆಯೂ ಇಲ್ಲ. ಎಲ್ಲ ಗ್ಯಾಸ್ ಸಿಲಿಂಡರುಗಳ ಬಾಯಿ ಒಂದೊಂದು ಬಗೆಯಾಗಿದ್ದರೆ ರೆಗ್ಯುಲೇಟರಿನಿಂದ ಏನು ಉಪಯೋಗವಾಗುತ್ತಿತ್ತು? ಒಂದು ಊರಿನ ಸಲಕರಣೆಗಳೆಲ್ಲ ಒಂದೇ ಅಳತೆಗೆ ಬರುವವರೆಗೆ ಇಂಥ ಕೊಂಡಿ ಒಂದು ಮನೆಯ ಅನುಕೂಲವಾಗಿಯೇ ಉಳಿಯುತ್ತದೆ. ಕೊಟ್ಟೂರಿನ ಮೇಸ್ತ್ರಿ ಇದನ್ನು ಬಲ್ಲನು. ಮೂರು ತೂತಿನ ಆ ಹಲಗೆಯನ್ನು ಅವನು ಅಂಗಡಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಾನೆ. ಹೊಸ ಕೂರಿಗೆ ಮಾಡಿಸಲು ಯಾರೇ ಬರಲಿ, ಕೇಳಿದರೂ ಕೇಳದಿದ್ದರೂ, ಅದೇ ಹಲಗೆಯ ಅಳತೆಯಲ್ಲಿಯೇ ಮಾಡಿಕೊಡುತ್ತಾನೆ.

ಈಗ ಮಳೆ ಬಂದು ಬೆದೆಯಾದ ದಿನ ಯಜಮಾನನು ಒಬ್ಬನೇ ಬೇವಿನ ಮರದ ಕೆಳಗೆ ಟ್ರ್ಯಾಕ್ಟರನ್ನು ಹಿಂದಕ್ಕೆ ತರುತ್ತಾನೆ. ನಡುವೆ ನಿಲ್ಲುವವರಿಲ್ಲ, “ಬಾ, ಬಾ” ಎನ್ನುವವರಿಲ್ಲ. ಕೊಕ್ಕೆ ಸೇರುತ್ತದೆ, ಚಿಲಕ ಬೀಳುತ್ತದೆ, ಕೂರಿಗೆ ಗೇಣುದ್ದ ಮೇಲೇಳುತ್ತದೆ. ಅಷ್ಟರಲ್ಲಿ ಮನೆಯೊಡತಿ ಅಡುಗೆಯ ಕೆಲಸ ಬಿಟ್ಟು ಕಟ್ಟೆಯ ಮೇಲೆ ಬಂದು ನಿಂತಿರುತ್ತಾಳೆ. ಇಲ್ಲಿಗೆ ಬಾರೆಂದು ಅವಳನ್ನು ಯಾರೂ ಕರೆದವರಲ್ಲ. ಆದರೂ ಯಜಮಾನನು ಇಳಿದು ಎರಡೂ ಕಡೆ ನೋಡಿ, ಮತ್ತೆ ಮೇಲೇರಿ ಕುಳಿತು, ಗೇರು ಹಾಕುವ ಮುನ್ನ ಒಮ್ಮೆ ಅವಳ ಕಡೆಗೆ ತಿರುಗುತ್ತಾನೆ.

ಅವಳು ಹತ್ತು ಮಾರು ದೂರದಿಂದಲೇ ಎಡಗಡೆಯ ಕೊಕ್ಕೆಯನ್ನು ನೋಡುತ್ತಾಳೆ, ಬಲಗಡೆಯದನ್ನು ನೋಡುತ್ತಾಳೆ. ಕೆಂಪು ಕಾಣುವುದಿಲ್ಲ. ಒಂದು ಬೆರಳು ಗಿಡ್ಡವಾದ ಆ ಕೈಯನ್ನು ಎತ್ತಿ, ಹೋಗಬಹುದೆಂದು ಸನ್ನೆ ಮಾಡುತ್ತಾಳೆ. ಆಮೇಲೆ ಟ್ರ್ಯಾಕ್ಟರು ಹೊಲದ ಕಡೆಗೆ ಹೊರಡುತ್ತದೆ.